ನೀಲಿ ಮಖಮಲ್ಲಿನ ರಾಟೆ

ದೊಡ್ಡ ಚರ್ಚಿನ ಹಿಂಬದಿಯಲ್ಲಿ, ಗಂಟೆಗೋಪುರದ ಮೆಟ್ಟಿಲು ಬಂದು ಮುಗಿಯುವ ಕಡೆ, ಒಂದು ಉದ್ದನೆಯ ಕೋಣೆ ಇತ್ತು. ಎಲ್ಲರೂ ಅದನ್ನು ಹೊಲಿಗೆಕೋಣೆ ಎನ್ನುತ್ತಿದ್ದರು. ಗೋಡೆಗೆ ಒರಗಿಸಿದ ಮರದ ಚೌಕಟ್ಟುಗಳು, ಗಾಜಿನ ಜಾಡಿಗಳಲ್ಲಿ ಬಣ್ಣಬಣ್ಣದ ರೇಷ್ಮೆ ಎಳೆ, ಕಿಟಕಿಯ ಕಟ್ಟೆಯ ಮೇಲೆ ದಾರಕ್ಕೆ ಉಜ್ಜುವ ಜೇನುಮೇಣದ ಉಂಡೆ. ಆ ಉಂಡೆಯ ಮೈತುಂಬ ದಾರ ಎಳೆದೆಳೆದು ಬಿದ್ದ ಗೀರುಗಳು, ಮುದುಕಿಯ ಅಂಗೈಯ ಹಾಗೆ. ಎತ್ತರದಲ್ಲಿದ್ದ ಕಿಟಕಿಗೆ ಒಂದೇ ಒಂದು ಹಳದಿ ಗಾಜು ಉಳಿದಿತ್ತು. ಮಧ್ಯಾಹ್ನವಾದ ಮೇಲೆ ಅದರ ಬೆಳಕು ಮೇಜಿನ ಮೇಲೆ ಇಳಿದು, ಬೆಕ್ಕಿನ ಹಾಗೆ ಮೆಲ್ಲಗೆ ನಡೆದು, ಸಂಜೆಯ ಹೊತ್ತಿಗೆ ಎದುರು ಗೋಡೆ ಹತ್ತಿ ಮಾಯವಾಗುತ್ತಿತ್ತು. ಜರಿಯಮ್ಮನಿಗೆ ಅದೇ ಗಡಿಯಾರ.

ಜರಿಯಮ್ಮನಿಗೆ ಬೇರೆ ಹೆಸರು ಇರಲಿಲ್ಲವೆಂದಲ್ಲ. ಜರಿಯ ಕೆಲಸ ಮಾಡಿ ಮಾಡಿ, ಕೈಬೆರಳ ಸಂದಿಯಲ್ಲಿ ಚಿನ್ನದ ಹುಡಿ ಮೆತ್ತಿಕೊಂಡು, ಆ ಹೆಸರು ಅಂಟಿಕೊಂಡಿತು. ಅಂಟಿಕೊಂಡ ಹೆಸರನ್ನು ಬಿಡಿಸುವುದು ಹೊಲಿಗೆ ಬಿಚ್ಚಿದಷ್ಟು ಸುಲಭವಲ್ಲ ನೋಡಿ.

ಅವಳ ಅಪ್ಪ ಹಾಸಿಗೆ ಹೊಲಿಯುವವನು. ಹುಟ್ಟಿದ್ದೇ ಹತ್ತಿಯ ನಡುವೆ, ಬೆಳೆದದ್ದೂ ಹತ್ತಿಯ ನಡುವೆ. ಶಾಲೆಯ ಮೆಟ್ಟಿಲು ಹತ್ತಿದ್ದು ಎರಡನೇ ತರಗತಿಯವರೆಗೆ ಮಾತ್ರ. ಆಮೇಲೆ ಅಪ್ಪನ ಪಕ್ಕದಲ್ಲೇ ಕೂತು ದಪ್ಪ ಸೂಜಿ ಹಿಡಿದಳು. ನೂಕಬೇಡ, ದಾರಿ ತೋರಿಸು, ಸೂಜಿ ತಾನಾಗಿ ಹೋಗುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಅಂಗಡಿಗಳ ಬೋರ್ಡು ಬರೆಯುವವನೊಬ್ಬನ ಜೊತೆ ಮದುವೆಯಾಯಿತು. ಒಳ್ಳೆಯ ಮನುಷ್ಯ, ಆದರೆ ಎದೆಯ ಕಾಯಿಲೆ ಅವನನ್ನು ಬೇಗ ಕರೆದುಕೊಂಡು ಹೋಯಿತು. ಹೊಟ್ಟೆಪಾಡಿಗೆ ಚರ್ಚಿನ ಬಟ್ಟೆಗಳಿಗೆ ಅಂಚು ಮಡಚಲು ಬಂದವಳು, ಅಲ್ಲಿದ್ದ ಹಳೆಯ ಕಸೂತಿಯ ಅಜ್ಜಿಯ ಕೈಕೆಳಗೆ ಜರಿ ಹಾಕುವುದನ್ನು ಕಲಿತಳು. ಅಜ್ಜಿ ಹೋದಳು; ಸ್ಟೂಲು ಇವಳದಾಯಿತು. ಕೂದಲು ಬೆಳ್ಳಗಾಗುವವರೆಗೂ ಅದೇ ಸ್ಟೂಲು.

ಆ ಚರ್ಚಿನಲ್ಲಿ ಒಂದು ವಾಡಿಕೆ ಇತ್ತು. ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕುರ್ಚಿಯ ಹಿಂದೆ ನೀಲಿ ಮಖಮಲ್ಲಿನ ಒಂದು ದೊಡ್ಡ ಬಟ್ಟೆ ತೂಗುಹಾಕಿರುತ್ತಿದ್ದರು. ಅದರ ಮೇಲೆ ಅವರ ಸ್ವಂತ ಲಾಂಛನ. ಬಿಷಪ್ ಆದವರೆಲ್ಲ ತಮಗೆಂದೇ ಒಂದು ಗುರುತನ್ನು ಆರಿಸಿಕೊಳ್ಳಬೇಕು. ಮೇಲೆ ಅಗಲ ಅಂಚಿನ ಹಸಿರು ಟೋಪಿ, ಅದರ ಎರಡೂ ಕಡೆ ಜೋಲುವ ಕುಚ್ಚುಗಳು, ಕೆಳಗೆ ಗುರಾಣಿ. ಟೋಪಿ, ಕುಚ್ಚು ಹುದ್ದೆಯವು, ಯಾರು ಬಂದರೂ ಅವೇ. ಗುರಾಣಿಯೊಳಗಿನದು ಮಾತ್ರ ಆ ಮನುಷ್ಯನದು ಎಂದು ಕಸೂತಿಯ ಅಜ್ಜಿ ಹೇಳುತ್ತಿದ್ದಳು. ಬಿಷಪ್ ಬದಲಾದಾಗ ಬಟ್ಟೆ ಬದಲಾಗುತ್ತಿರಲಿಲ್ಲ. ಹಳೆಯವರ ಗುರಾಣಿಯ ಜರಿಯನ್ನು ಬಿಚ್ಚಿ, ಅದೇ ಜರಿಯಿಂದ ಹೊಸಬರ ಗುರಾಣಿ ತುಂಬುತ್ತಿದ್ದರು. ಇದು ಆಗುವ ಮಾತೇ, ಯಾಕೆಂದರೆ ಜರಿ ಬಟ್ಟೆಯ ಒಳಕ್ಕೆ ಹೋಗುವುದೇ ಇಲ್ಲ. ಅದನ್ನು ಬಟ್ಟೆಯ ಮೇಲೆ ಮಲಗಿಸಿ, ಸಣ್ಣ ಹಳದಿ ರೇಷ್ಮೆಯಿಂದ ಅಲ್ಲಲ್ಲಿ ಕಟ್ಟಿಹಾಕುತ್ತಾರೆ. ಹಿಂದಿನಿಂದ ಆ ಕಟ್ಟು ಕತ್ತರಿಸಿದರೆ ಜರಿ ಇಡಿಯಾಗಿ ಎದ್ದು ಬರುತ್ತದೆ, ನಿದ್ದೆಯಿಂದ ಎದ್ದ ಹಾಗೆ.

ಆ ವರ್ಷ ಬಿಷಪ್ಪರು ಬದಲಾಗುವ ಕಾಲ ಬಂತು. ಹಿರಿಯ ಬಿಷಪ್ಪರಿಗೆ ಮರೆವು. ಒಂದು ಭಾನುವಾರ ಪ್ರಸಂಗದ ನಡುವೆ ಮಾತು ನಿಲ್ಲಿಸಿ, ಇವತ್ತು ಯಾರ ಮದುವೆ ಎಂದು ಕೇಳಿದರು. ಮೊದಲು ಜನ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಅವರನ್ನು ಹಿತ್ತಲಿನ ತೋಟದ ಸಣ್ಣ ಮನೆಗೆ ಕಳಿಸಿದರು. ಹೊಸಬರ ಹೆಸರು ಬಂತು. ಕಾರ್ಯದರ್ಶಿ ಫಾದರ್ ಸುರುಳಿ ಸುತ್ತಿದ ಚಿತ್ರವೊಂದನ್ನು ಜರಿಯಮ್ಮನ ಮೇಜಿನ ಮೇಲಿಟ್ಟು, ಮೊದಲು ಹಳೆಯದನ್ನು ಬಿಚ್ಚಿ ಎಂದರು. ಆ ಹಳೆಯದು ಅವಳದೇ ಕೆಲಸ. ಕೈ ಇನ್ನೂ ನಡುಗದ ಕಾಲದ್ದು.

ಅದರಲ್ಲಿ ಮೂರು ಗುರುತು: ಒಂದು ದೀಪ, ಒಂದು ಕತ್ತೆ, ಮೇಲೆ ಬಲಗಡೆಗೆ ಹಗ್ಗದ ಸಮೇತ ಬಾವಿಯ ರಾಟೆ. ಚರ್ಚಿನ ಬಾಗಿಲ ಬಳಿ ಇವುಗಳ ಅರ್ಥವನ್ನು ಅಚ್ಚು ಮಾಡಿ ತೂಗುಹಾಕಿದ್ದರು. ದೀಪ ಎಂದರೆ ವಿಶ್ವಾಸ, ಕತ್ತೆ ಎಂದರೆ ದೀನತೆ, ರಾಟೆ ಎಂದರೆ ಕೃಪೆಯ ಬಾವಿಯಿಂದ ನೀರೆತ್ತುವುದು. ಓದಿದವರೆಲ್ಲ ತಲೆದೂಗಿ ಒಳಗೆ ಹೋಗುತ್ತಿದ್ದರು. ಜರಿಯಮ್ಮನೂ ಅಷ್ಟೇ ತಿಳಿದುಕೊಂಡಿದ್ದಳು.

ಕುರ್ಚಿಯ ಹಿಂದಿನಿಂದ ಬಟ್ಟೆ ಇಳಿಸಿದ ಮಧ್ಯಾಹ್ನವೇ ಹಿರಿಯ ಬಿಷಪ್ಪರು ಹೊಲಿಗೆಕೋಣೆಗೆ ಬಂದರು. ದಾರಿ ತಪ್ಪಿ ಬಂದರೋ, ಬೇಕೆಂದೇ ಬಂದರೋ. ಬಾಗಿಲಲ್ಲಿ ನಿಂತು ಚೌಕಟ್ಟಿನ ಕಡೆ ನೋಡಿದರು. ಅವಳು ಎದ್ದು ಕುರ್ಚಿ ಒರೆಸಿ ಕೊಟ್ಟಳು. ಅವರು ಮೇಜಿನ ಮೇಲೆ ಹಾಸಿದ ನೀಲಿ ಮಖಮಲ್ಲಿಗೆ ಬಗ್ಗಿ, ಬಹಳ ಹೊತ್ತು, ಬಾವಿಯೊಳಗೆ ಇಣುಕುವವರ ಹಾಗೆ ನೋಡುತ್ತ ಕೂತರು. ಆಮೇಲೆ, ಕೇಳದೆಯೇ, ಹೇಳತೊಡಗಿದರು.

ಅವರ ಅಪ್ಪ ಬಾವಿ ತೋಡುವವನಂತೆ. ಹಳೆಯ ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಕೆಳಗೆ ಬಿಡುತ್ತಿದ್ದನಂತೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ, ಇಳಿಯಬಾರದು. ಉರಿಯುತ್ತಿದ್ದರೆ ಇಳಿಯಬಹುದು. ಆ ದೀಪವೇ ಈ ದೀಪ. ತೋಡಿದ ಮಣ್ಣು ಹೊರುತ್ತಿದ್ದದ್ದು ಈ ಕತ್ತೆ. ಕಿವಿ ಹಿಡಿದರೆ ಕಚ್ಚುತ್ತಿತ್ತಂತೆ, ದೀನತೆಗೂ ಅದಕ್ಕೂ ಬಹಳ ದೂರ. ಹೇಳುತ್ತ ಹೇಳುತ್ತ ಮುದುಕರು ಮುಂಗೈ ಮೇಲಿನ ಒಂದು ಬಿಳಿಯ ಗುರುತನ್ನು ತೋರಿಸಿ ನಕ್ಕರು. ರಾಟೆಯ ವಿಷಯ ಆ ದಿನ ಬರಲಿಲ್ಲ. ಅಷ್ಟರಲ್ಲಿ ಹಳದಿ ಬೆಳಕು ಗೋಡೆ ಹತ್ತಿತ್ತು, ತೋಟದ ಮನೆಯ ಅಡುಗೆಯವಳು ಅವರನ್ನು ಹುಡುಕಿಕೊಂಡು ಬಂದಳು.

ಜರಿಯಮ್ಮ ಮೊದಲು ಕತ್ತೆಯನ್ನು ಬಿಚ್ಚಿದಳು. ಮರುದಿನ ಮುದುಕರು ಬಂದು, ಖಾಲಿಯಾದ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ಏನಿತ್ತು ಅಮ್ಮ?"

"ಕತ್ತೆ ಸ್ವಾಮಿ."

"ಕತ್ತೆನಾ? ಚರ್ಚಲ್ಲಿ ಕತ್ತೆಗೇನು ಕೆಲಸ?"

"ಇರೋ ಕತ್ತೆಗಳಲ್ಲಿ ಇದೊಂದನ್ನೇ ಸ್ವಾಮಿ ನಾವು ಲೆಕ್ಕಕ್ಕೆ ಹಿಡಿದದ್ದು," ಎಂದಳು ಅವಳು. ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ನಗುತ್ತಿದ್ದಂತೆಯೇ ಅವಳ ಕಣ್ಣು ಅವರ ಕೈಯ ಕಡೆ ಹೋಯಿತು. ಅವರ ಮುಂಗೈ ಮೇಲಿನ ಗುರುತು ಹಾಗೇ ಇತ್ತು. ಅದು ಯಾರು ಕಚ್ಚಿದ್ದು ಎನ್ನುವುದು ಮಾತ್ರ ಅವರಲ್ಲಿ ಇರಲಿಲ್ಲ.

ದೀಪ ಬಿಚ್ಚಿದ ಮೇಲೆಯೂ ಹಾಗೇ ಆಯಿತು. ಕೆಟ್ಟ ಗಾಳಿಯ ಮಾತು, ಕೆಳಗೆ ಕೆಳಗೆ ಇಳಿದು ನಕ್ಷತ್ರದಷ್ಟಾಗುವ ಬೆಳಕಿನ ಮಾತು, ಮತ್ತೆ ಬರಲಿಲ್ಲ. ಮರೆವಿನ ಕಾಯಿಲೆಯವರು ಇವತ್ತಲ್ಲ ನಾಳೆ ಮರೆಯುವವರೇ, ಅದಕ್ಕೂ ಕತ್ತರಿಗೂ ಸಂಬಂಧವಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೂ ಕತ್ತರಿ ಹಿಡಿದಾಗಲೆಲ್ಲ ಬಟ್ಟೆಯಿಂದಲ್ಲ, ಆ ತಲೆಯೊಳಗಿಂದಲೇ ಎಳೆ ಕೀಳುತ್ತಿದ್ದೇನೆ ಎನಿಸುತ್ತಿತ್ತು.

ಉಳಿದದ್ದು ರಾಟೆ. ಅದನ್ನು ಮುಟ್ಟದೆ ಅವಳು ಟೋಪಿಯ ಕುಚ್ಚುಗಳನ್ನು ಬಾಚಿದಳು, ಜರಿಯನ್ನೆಲ್ಲ ಬಿಸಿನೀರಿನ ಹಬೆಗೆ ಹಿಡಿದು ಒರೆಸಿದಳು, ಇಲ್ಲದ ಕೆಲಸವನ್ನೆಲ್ಲ ಹುಡುಕಿ ಮಾಡಿದಳು. ಒಂದು ಮಧ್ಯಾಹ್ನ ಮುದುಕರು ರಾಟೆಯ ಮೇಲೆ ಕೈಯಿಟ್ಟುಕೊಂಡು ಅದರ ಮಾತನ್ನೂ ಆಡಿದರು. ಆ ದಿನ ದೀಪ ಚೆನ್ನಾಗಿಯೇ ಉರಿಯುತ್ತಿತ್ತಂತೆ. ಅಪ್ಪ ಇಳಿದ. ಮೇಲೆ ಹಗ್ಗ ಹಿಡಿದು ನಿಂತವನು ತಾನು. ಕೆಳಗೆ ಗೋಡೆಯ ಮಣ್ಣು ಕುಸಿದ ಸದ್ದು ಕೇಳಿ ಎಳೆಯತೊಡಗಿದರಂತೆ. "ರಾಟೆ ಗರಗರ ಅಂತ ತಿರುಗಿತಮ್ಮ. ಅಷ್ಟು ಸಲೀಸಾಗಿ ಅದು ಯಾವತ್ತೂ ತಿರುಗಿರಲಿಲ್ಲ. ಹಗ್ಗ ಹಗುರವಾಗಿ ಮೇಲೆ ಬಂತು."

ಅಪ್ಪನ ಒಂದು ಫೋಟೊ ಇರಲಿಲ್ಲ, ಒಂದು ಅಂಗಿ ಉಳಿದಿರಲಿಲ್ಲ. ಬಿಷಪ್ ಆದಾಗ ಗುರಾಣಿಯಲ್ಲಿ ಏನು ಬೇಕು ಎಂದು ಕೇಳಿದರಂತೆ. ಇದು ಬೇಕು ಎಂದರಂತೆ. "ಕುರ್ಚಿಯಲ್ಲಿ ಕೂತಾಗ ನನ್ನ ಬೆನ್ನ ಹಿಂದೆ ಇರುತ್ತಿತ್ತಲ್ಲ," ಎಂದರು ಮುದುಕರು. "ಅಪ್ಪ ಬೆನ್ನ ಹಿಂದೆ ಇದ್ದ ಹಾಗೆ."

ಆ ಸಂಜೆ ಮನೆಗೆ ಬಂದರೆ ಜರಿಯಮ್ಮನಿಗೆ ಊಟ ಸೇರಲಿಲ್ಲ. ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ತಂಗಿ, ಇಬ್ಬರೇ. ತಂಗಿ ಮನೆಯ ಮುಂದಿನ ಕಿಟಕಿಯಲ್ಲೇ ಕೂತು ಬೀದಿಯವರ ಹರಿದ ಬಟ್ಟೆ, ಕೆಟ್ಟ ಜಿಪ್ಪು ಸರಿಮಾಡಿಕೊಡುತ್ತಿದ್ದಳು. ಜಿಪ್ಪು ಹಾಕುವ ಕೈಗೆ ಬಾಯಿಗೊಂದು ಹಾಕಿಕೊಳ್ಳಲು ಬರಲಿಲ್ಲ ಎಂದು ಬೀದಿಯವರೇ ಆಡಿಕೊಳ್ಳುತ್ತಿದ್ದರು. ಅಕ್ಕ ಎಲ್ಲ ಹೇಳಿದ ಮೇಲೆ ಅವಳು ಮೂಗು ಮುರಿದಳು. "ನಿನ್ನ ಕಣ್ಣಿಗೆ ಸೂಜಿಯ ತೂತೇ ಕಾಣಲ್ಲ, ಊರವರ ಅಪ್ಪಂದಿರೆಲ್ಲ ಕಾಣ್ತಾರೆ. ಹೋಗಿ ಆ ಫಾದರನ್ನ ಕೇಳು, ರಾಟೆ ಬಿಡಬಹುದಾ ಅಂತ. ಕೇಳೋಕೆ ಏನು ಕೂಲಿ ಕೊಡಬೇಕಾ?"

ಅವಳು ಕೇಳಿದಳು. ಕಾರ್ಯದರ್ಶಿ ಫಾದರ್ ಕೆಟ್ಟವರಲ್ಲ. ಸಮಾಧಾನವಾಗಿಯೇ ಆಗುವುದಿಲ್ಲ ಎಂದರು. ಇದು ಒಬ್ಬೊಬ್ಬರ ಮುಖದ ಹಾಗೆ, ಒಬ್ಬರ ಮುಖದಲ್ಲಿ ಇನ್ನೊಬ್ಬರ ಮೂಗು ಇಡಲಾದೀತೇ? ಅದೂ ಅಲ್ಲದೆ ಹೊಸಬರ ಚಿತ್ರದಲ್ಲಿ ಆ ಜಾಗ ಖಾಲಿ ಇದೆ, ಬೇಕೆಂದೇ ಖಾಲಿ ಬಿಡಿಸಿದ್ದಾರೆ. ಹೊಸ ಬಿಷಪ್ಪರು ಅನಾಥಾಲಯದಲ್ಲಿ ಬೆಳೆದವರು. ಚಿತ್ರದಲ್ಲಿ ಕೆಳಗೆ ಅರ್ಧ ತೆರೆದ ಬಾಗಿಲು. ಕೂಸಾಗಿದ್ದಾಗ ಯಾರೋ ಅವರನ್ನು ಇಟ್ಟು ಹೋದದ್ದು ಆ ಬಾಗಿಲಲ್ಲಿ. ಎಡಗಡೆ ಒಂದು ನಕ್ಷತ್ರ; ಅವರನ್ನು ಸಾಕಿದ ಅಡುಗೆಯಮ್ಮ ನಸುಕಿನಲ್ಲಿ ಎದ್ದು ಒಲೆ ಹಚ್ಚುವಾಗ ಕಾಣುತ್ತಿದ್ದದ್ದು. ಬಲಗಡೆ ಅಪ್ಪನ ಮನೆತನದ ಗುರುತು ಬರಬೇಕು ಎಂದು ಚಿತ್ರ ಬರೆಯುವವನು ಒತ್ತಾಯ ಮಾಡಿದನಂತೆ, ಏನೂ ಸಿಗದಿದ್ದರೆ ಒಂದು ಸಿಂಹವಾದರೂ ಇರಲಿ ಎಂದನಂತೆ. ಇಲ್ಲದ್ದನ್ನು ಇಲ್ಲ ಎಂದೇ ತೋರಿಸು ಎಂದು ಅವರು ಹೇಳಿದರಂತೆ. ಹಾಗಾಗಿ ಅಲ್ಲಿ ಬರೀ ನೀಲಿ.

ಇದಾದ ಮೇಲೆ ಇನ್ನೇನು ಮಾತು? ಅವಳು ರಾಟೆ ಬಿಚ್ಚಿದಳು. ಮುದುಕರು ಪಕ್ಕದಲ್ಲೇ ಕೂತಿದ್ದರು. ಎದ್ದು ಬಂದ ಜರಿ ನೇರವಾಗಲಿಲ್ಲ; ಅಷ್ಟು ವರ್ಷ ದುಂಡಗೆ ಮಲಗಿದ್ದ ಅಭ್ಯಾಸ, ಹಾಗೇ ಬಳೆಯಂತೆ ಬಾಗಿ ನಿಂತಿತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು, ವಾಪಸು ಕೊಟ್ಟರು, ಎದ್ದು ಹೋದರು.

ಮರುದಿನ ಬಂದರು. ಬಾಗಿಲಲ್ಲಿ ನಿಂತರು, ಒಳಗೆ ಕಾಲಿಡಲಿಲ್ಲ. ಕೋಣೆಯನ್ನು ನೋಡಿದರು, ಅವಳನ್ನು ನೋಡಿದರು, ಬೇರೆ ಯಾರದೋ ಮನೆಗೆ ಬಂದವರ ಹಾಗೆ ಕ್ಷಮಿಸಿ ಎಂದು ತಿರುಗಿದರು. ಆಮೇಲೆ ಬರುವುದನ್ನೇ ಬಿಟ್ಟರು. ತೋಟದ ಮನೆಯ ಅಡುಗೆಯವಳನ್ನು ವಿಚಾರಿಸಿದರೆ, ಚೆನ್ನಾಗಿದ್ದಾರೆ, ಊಟ ಮಾಡುತ್ತಾರೆ, ಮಾತು ಮಾತ್ರ ಕಡಿಮೆಯಾಗಿದೆ, ಮೊನ್ನೆ ನಿಮ್ಮ ತಂದೆ ಏನು ಮಾಡುತ್ತಿದ್ದರು ಸ್ವಾಮಿ ಎಂದರೆ ನನಗೆ ತಂದೆ ಇದ್ದರಾ ಎಂದು ಕೇಳಿದರು ಎಂದಳು.

ಜರಿಯಮ್ಮ ಹೊಸ ಚಿತ್ರಕ್ಕೆ ಕೈ ಹಾಕಿದಳು. ಅವಳ ಕೆಲಸದ ಪದ್ಧತಿ ಅಜ್ಜಿ ಕಲಿಸಿದ್ದು. ಚಿತ್ರವನ್ನು ತೆಳು ಕಾಗದಕ್ಕೆ ಇಳಿಸಿ, ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಮೇಲೆ ಹಾಸಿ, ಸೀಮೆಸುಣ್ಣದ ಪುಡಿ ಕಟ್ಟಿದ ಸಣ್ಣ ಗಂಟಿನಿಂದ ತಟ್ಟುವುದು. ಕಾಗದ ಎತ್ತಿದರೆ ಬಟ್ಟೆಯ ಮೇಲೆ ಬಿಳಿ ಚುಕ್ಕಿಗಳ ಸಾಲು. ಹೆಚ್ಚಾದ ಪುಡಿಯನ್ನು ಊದಿ, ಚುಕ್ಕಿ ಅಳಿಸುವ ಮೊದಲೇ ಅವುಗಳ ಮೇಲೆ ಬಿಳಿ ದಾರ ಓಡಿಸಿಬಿಡಬೇಕು. ಆಮೇಲೆ ಮೂಲ ಚಿತ್ರವನ್ನು ನೋಡುವ ಹಾಗಿಲ್ಲ, ಸುತ್ತಿ ಕಪಾಟಿನೊಳಗೆ ಇಡಬೇಕು. ಎರಡು ಕಡೆ ನೋಡುವ ಕಣ್ಣು ಎರಡನ್ನೂ ಕೆಡಿಸುತ್ತದೆ ಎಂದು ಅಜ್ಜಿ ಗದರುತ್ತಿದ್ದಳು.

ಆ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನೆನಪಿದೆ, ಅಥವಾ ಏನೂ ನೆನಪಿಲ್ಲ. ಎರಡೂ ಒಂದೇ ಥರ. ಗಾಳಿ ಇರಲಿಲ್ಲ. ಗೋಪುರದಲ್ಲಿ ಪಾರಿವಾಳಗಳು ಒಂದೇ ಸಮನೆ ಗುಟುಗುಟು ಎನ್ನುತ್ತಿದ್ದವು. ಅವಳು ಪುಡಿ ತಟ್ಟಿದಳು, ಕಾಗದ ಎತ್ತಿದಳು, ತುಟಿ ಮುಂದೆ ಮಾಡಿ ಊದಿದಳು. ಬಿಳಿ ಹುಡಿ ಹಳದಿ ಬೆಳಕಿನೊಳಗೆ ಎದ್ದು, ಯಾವ ಅವಸರವೂ ಇಲ್ಲದೆ ತಿರುಗಿ, ಮತ್ತೆ ಬಟ್ಟೆಯ ಮೇಲೆ ಇಳಿಯಿತು. ಇಳಿದ ಕಡೆ ಬಾಗಿಲು ಕಂಡಿತು. ನಕ್ಷತ್ರ ಕಂಡಿತು. ಬಲಗಡೆ ಒಂದು ದುಂಡನೆಯ ಗೆರೆ ಕಂಡಿತು, ಹುಣ್ಣಿಮೆಗೆ ಮುಂಚಿನ ಚಂದ್ರನ ಹಾಗೆ ಮಸುಕಾಗಿ. ನಕ್ಷತ್ರ ಇದ್ದ ಮೇಲೆ ಚಂದ್ರ ಇರಬೇಕಾದದ್ದೇ ಎಂದು ಕಣ್ಣು ಒಪ್ಪಿಕೊಂಡಿತು. ಕೈ ಬಿಳಿ ದಾರ ಓಡಿಸಿತು. ಅದರ ಮೇಲೆ ಜರಿ ಮಲಗಿಸಲು ಡಬ್ಬಿಗೆ ಕೈ ಹಾಕಿದರೆ, ಬಳೆಯಂತೆ ಬಾಗಿದ ಎಳೆಯೇ ಮೊದಲು ಸಿಕ್ಕಿತು. ಇಟ್ಟಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಅಷ್ಟು ಸುಲಭವಾಗಿ ಯಾವ ಕೆಲಸವೂ ಅವಳ ಕೈಯಲ್ಲಿ ಆಗಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತು ನೀರು ನೋಡುತ್ತಿದ್ದೇನೆ, ಕೆಳಗಿನಿಂದ ಯಾರೋ ತಣ್ಣಗೆ ಉಸಿರು ಬಿಡುತ್ತಿದ್ದಾರೆ ಎಂದು ಅವಳಿಗೆ ಅನಿಸುತ್ತಿತ್ತು.

ಕಂಡುಹಿಡಿದವಳು ತಂಗಿ. ಕೆಲವು ದಿನಗಳಾದ ಮೇಲೆ, ಅಕ್ಕ ದಿನಾ ಮನೆಯಲ್ಲೇ ಮರೆತು ಬರುತ್ತಿದ್ದ ಕನ್ನಡಕ ಕೊಡಲು ಬಂದಿದ್ದಳು. ಕುತೂಹಲ ತಡೆಯದೆ ಕಪಾಟು ತೆರೆದು ಚಿತ್ರ ಬಿಡಿಸಿ ನೋಡಿದಳು. ಚಿತ್ರ ನೋಡಿದಳು, ಚೌಕಟ್ಟು ನೋಡಿದಳು.

"ಅಕ್ಕ, ಈ ಬಳೆ ಯಾರದ್ದು?"

ಜರಿಯಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಚಂದ್ರನೂ ಅಲ್ಲ, ಏನೂ ಅಲ್ಲ, ರಾಟೆ ಇದ್ದ ಜಾಗದಲ್ಲೇ ರಾಟೆ. ಹೇಗಾಯಿತು ಎಂದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಜರಿಯ ಕೆಳಗಿದ್ದ ಮಖಮಲ್ಲು ಅಷ್ಟು ವರ್ಷ ಬಿಸಿಲು, ಕೈ, ಬ್ರಷ್ಷು ಯಾವುದನ್ನೂ ಕಂಡಿರಲಿಲ್ಲ. ಸುತ್ತಲಿನದು ಸವೆದು ತಗ್ಗಾಗಿದ್ದರೆ ಅಲ್ಲಿನ ನವಿರು ಇನ್ನೂ ಎದ್ದು ನಿಂತಿತ್ತು. ಊದಿದ ಪುಡಿ ಆ ಅಂಚಿಗೆ ಸಿಕ್ಕಿಕೊಂಡು ಗೆರೆಯಾಗಿತ್ತು. ಕತ್ತೆ, ದೀಪ ಇದ್ದ ಕಡೆ ಹೊಸ ಬಾಗಿಲು ಬಂದು ಮುಚ್ಚಿತ್ತು. ಖಾಲಿ ಬಿಡಬೇಕಾದ ಜಾಗದಲ್ಲಿ ಮಾತ್ರ ಮುಚ್ಚಲು ಏನೂ ಇರಲಿಲ್ಲ.

ತಂಗಿ ಯಾರಿಗೂ ಗೊತ್ತಾಗುವ ಮೊದಲು ಬಿಚ್ಚಿಬಿಡು ಎಂದಳು. ಬಿಚ್ಚಬಹುದಿತ್ತು. ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸೂಜಿ ಬಿದ್ದ ಮಖಮಲ್ಲು ಅಲ್ಲಿ ಬೋಳಾಗುತ್ತದೆ, ಜಾಳಾಗುತ್ತದೆ. ಆದರೂ ಬಿಚ್ಚುವುದೇ ಸರಿ ಎಂದು ಅವಳು ಚೌಕಟ್ಟು ಮಗುಚಿದಳು, ಕತ್ತರಿ ತೆಗೆದುಕೊಂಡಳು, ಮತ್ತೆ ಮೊದಲಿನ ಹಾಗೆ ತಿರುಗಿಸಿ ಕೊನೆಯ ಸಲ ಎಂಬಂತೆ ನೋಡುತ್ತ ಕೂತಳು. ಆಗ ಬಾಗಿಲಲ್ಲಿ ನೆರಳು ಬಿತ್ತು.

ಹಿರಿಯ ಬಿಷಪ್ಪರು. ಅಡುಗೆಯವಳು ಅವರನ್ನು ತೋಟದಲ್ಲಿ ಅಡ್ಡಾಡಿಸಲು ಕರೆತಂದಿದ್ದಳು, ಅವಳ ಕೈ ಬಿಡಿಸಿಕೊಂಡು ಒಳಗೆ ಬಂದಿದ್ದರು. ಜರಿಯಮ್ಮನ ಗುರುತು ಸಿಗಲಿಲ್ಲ. ಆದರೆ ಚೌಕಟ್ಟಿನ ಹತ್ತಿರ ಬಂದು ಆ ಚಿನ್ನದ ಸುತ್ತಿನ ಮೇಲೆ ಬೆರಳು ಆಡಿಸಿದರು, ಒಂದು ಸಲ, ಇನ್ನೊಂದು ಸಲ. ಮುಖ ಎತ್ತಿ, ಮನೆಯ ಮಾತಿನ ಹಾಗೆ, ಅವಳನ್ನು ಕೇಳಿದರು:

"ಅಪ್ಪ ಊಟಕ್ಕೆ ಮೇಲೆ ಬಂದನಾ?"

ಜರಿಯಮ್ಮ "ಬರ್ತಾರೆ ಸ್ವಾಮಿ," ಎಂದಳು. ತಂಗಿಯ ಕಡೆ ನೋಡಿದರೆ, ಎಂದೂ ಮಾತು ಸೋಲದವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಜರಿಯಮ್ಮ ಕತ್ತರಿಯನ್ನು ಡಬ್ಬಿಯೊಳಗೆ ಹಾಕಿದಳು.

ಮರುದಿನ ಬೆಳಿಗ್ಗೆ ಸೀರೆಯ ಸೆರಗು ಸರಿಮಾಡಿಕೊಂಡು ಹೊಸ ಬಿಷಪ್ಪರ ಕೋಣೆಗೆ ಹೋದಳು. ಐವತ್ತು ದಾಟಿದ ಮನುಷ್ಯ, ಅಂಗಿಯ ತೋಳು ಮಡಚಿಕೊಂಡು, ನೆಲದ ಮೇಲೆ ಕೂತು ಪೆಟ್ಟಿಗೆಯಿಂದ ಪುಸ್ತಕ ತೆಗೆದಿಡುತ್ತಿದ್ದರು. ಅವಳು ನಿಂತುಕೊಂಡೇ, ಕೆಲಸದಲ್ಲಿ ತಪ್ಪಾಗಿದೆ, ಬಂದು ನೋಡಬೇಕು ಎಂದಳು. ಅವರು ಕೈ ಒರೆಸಿಕೊಂಡು ಹಾಗೇ ಬಂದರು. ಕಾರ್ಯದರ್ಶಿ ಫಾದರೂ ಹಿಂದೆಯೇ ಬಂದು, ಚೌಕಟ್ಟು ನೋಡಿದ್ದೇ ತಲೆಗೆ ಕೈಯಿಟ್ಟುಕೊಂಡರು. ಮುದ್ರೆ ಕೆತ್ತಿಸಿ ಆಗಿದೆ, ಆಮಂತ್ರಣಗಳ ಮೇಲೆ ಅಚ್ಚಾಗಿದೆ, ಎಲ್ಲೂ ಇಂಥದ್ದೊಂದು ಇಲ್ಲ.

ಹೊಸ ಬಿಷಪ್ಪರು ಬಗ್ಗಿ ಆ ಸುತ್ತನ್ನು ಹತ್ತಿರದಿಂದ ನೋಡಿದರು. ಆಮೇಲೆ ಕೇಳಿದರು, "ಇದನ್ನ ತಪ್ಪಾಗಿ ಹಾಕಿದ್ರಾ ಅಮ್ಮ, ಬೇಕು ಅಂತ ಹಾಕಿದ್ರಾ?"

"ಹಾಕಿದ್ದು ತಪ್ಪಾಗಿ ಸ್ವಾಮಿ. ಬಿಚ್ಚದೆ ಬಿಟ್ಟದ್ದು ಬೇಕು ಅಂತ."

ಅಷ್ಟು ಹೇಳಿ, ಉಳಿದದ್ದನ್ನೂ ಹೇಳಿದಳು: ಬಾವಿ, ದೀಪ, ಹಗುರವಾಗಿ ಮೇಲೆ ಬಂದ ಹಗ್ಗ, ಊಟಕ್ಕೆ ಮೇಲೆ ಬಂದನಾ ಎಂದು ಕೇಳಿದ ಮುದುಕರು. ಹೊಸ ಬಿಷಪ್ಪರು ಕುರ್ಚಿ ಎಳೆದುಕೊಂಡು ಕೂತರು.

"ನನಗೆ ಅಪ್ಪ ಯಾರು ಅಂತ ಗೊತ್ತಿಲ್ಲ. ಅದಕ್ಕೇ ಈ ಜಾಗ ಖಾಲಿ ಬಿಡಿಸಿದ್ದು. ಇನ್ನೊಬ್ಬರ ಅಪ್ಪನನ್ನ ತಂದು ಇಟ್ಟುಕೊಂಡರೆ ಅದು ಸುಳ್ಳಾಗಲ್ವಾ?"

"ಅದೆಲ್ಲ ನನಗೆ ಗೊತ್ತಾಗಲ್ಲ ಸ್ವಾಮಿ. ನೀವು ಬಿಚ್ಚು ಅಂದ್ರೆ ಈಗಲೇ ಬಿಚ್ತೀನಿ. ಆದರೆ ಬಿಚ್ಚಿದರೂ ನೆರಳು ಹೋಗಲ್ಲ. ಇಷ್ಟು ಹಳೇ ಬಟ್ಟೆ ಮೇಲೆ ಖಾಲಿ ಅನ್ನೋ ಜಾಗ ಇರಲ್ಲ."

ಅವರು ಬಿಚ್ಚಿ ಎನ್ನಲೂ ಇಲ್ಲ, ಬಿಡಿ ಎನ್ನಲೂ ಇಲ್ಲ. ಎದ್ದು ನೇರ ತೋಟದ ಮನೆಗೆ ಹೋದರು. ಕಿಟಕಿಯಿಂದ ಜರಿಯಮ್ಮನಿಗೆ ಕಂಡದ್ದಿಷ್ಟು: ಬೇಲಿಯ ಪಕ್ಕದ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾರೆ, ಮುದುಕರು ಕೈಯೆತ್ತಿ ಗಾಳಿಯಲ್ಲಿ ಏನೋ ತೋರಿಸುತ್ತಿದ್ದಾರೆ, ಇಷ್ಟು ಅಗಲ, ಇಷ್ಟು ಆಳ, ಇನ್ನೊಬ್ಬರು ಮೊಣಕೈ ಮೊಣಕಾಲಿಗೆ ಊರಿ, ಕಥೆ ಕೇಳುವವರ ಹಾಗೆ ಬಗ್ಗಿದ್ದಾರೆ. ಬೆಳಕು ಮೇಜಿಗೆ ಬಂತು, ಮೇಜಿನಿಂದ ಗೋಡೆಗೆ ಹೋಯಿತು. ಬೆಂಚಿನ ಮೇಲಿನವರು ಎದ್ದಿರಲಿಲ್ಲ. ಅವಳು ಸೂಜಿ ಮುಟ್ಟಲಿಲ್ಲ, ಕತ್ತರಿಯನ್ನೂ ಮುಟ್ಟಲಿಲ್ಲ. ಗೋಪುರದಿಂದ ಪಾರಿವಾಳದ ಒಂದು ಗರಿ ಇಳಿದು ಬಂದು ಕಿಟಕಿಯ ಕಟ್ಟೆಯ ಮೇಲೆ ಕೂತಿತು; ಅದನ್ನೇ ನೋಡುತ್ತಿದ್ದಳು.

ಕೊನೆಗೆ ಹೊಸ ಬಿಷಪ್ಪರು ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಮುಖ ತೊಳೆದುಕೊಂಡು ಬಂದ ಹಾಗಿತ್ತು.

"ರಾಟೆಗೆ ಮೊದಲು ಹಗ್ಗ ಇತ್ತಲ್ವಾ?"

"ಇತ್ತು ಸ್ವಾಮಿ."

"ಹಗ್ಗವನ್ನೂ ಹಾಕಿಬಿಡಿ. ಹಗ್ಗ ಇಲ್ಲದ ರಾಟೆ ತಗೊಂಡು ಏನು ಮಾಡೋದು? ತುದಿ ಬಾಗಿಲಿನ ಹತ್ತಿರಕ್ಕೆ ಇಳಿದು ಬರಲಿ."

ಕಾರ್ಯದರ್ಶಿ ಫಾದರ್ ಮುದ್ರೆಯ ಮಾತು ತೆಗೆದರೆ, ಮುದ್ರೆ ಹಾಗೇ ಇರಲಿ, ಬಟ್ಟೆಗೆ ಬಟ್ಟೆಯ ನ್ಯಾಯ ಎಂದರಂತೆ. ಅರ್ಥದ ಕಾಗದದಲ್ಲಿ ಏನು ಬರೆಯಬೇಕು ಎಂದು ಕೇಳಿದರೆ, ಅದರ ಬಗ್ಗೆ ಏನೂ ಬರೆಯಬೇಡಿ, ಸುಮ್ಮನಿರಿ ಎಂದರಂತೆ.

ಜರಿಯಮ್ಮ ಹಗ್ಗ ಹಾಕಿದಳು. ಹಳೆಯ ದೀಪದ ಜರಿ ಸ್ವಲ್ಪ ಮಿಕ್ಕಿತ್ತು, ಅದನ್ನೇ ಹೊಸೆದು ಹಗ್ಗ ಮಾಡಿದಳು. ಕನ್ನಡಕ ಹಾಕಿಕೊಂಡೇ ಹಾಕಿದಳು.

ಪೀಠ ಏರುವ ದಿನ ಚರ್ಚು ತುಂಬಿ ಹೊರಗೂ ಜನ ನಿಂತಿದ್ದರು. ಕುರ್ಚಿಯ ಹಿಂದೆ ನೀಲಿ ಬಟ್ಟೆ, ಅದರ ಮೇಲೆ ಹಸಿರು ಟೋಪಿ, ಬಾಗಿಲು, ನಕ್ಷತ್ರ, ರಾಟೆ. ಬರೆಯದೆ ಬಿಟ್ಟ ಅರ್ಥವನ್ನು ಜನ ತಾವೇ ತುಂಬಿಕೊಂಡರು. ಸೂರ್ಯ ಎಂದರು ಕೆಲವರು, ರೊಟ್ಟಿ ಎಂದರು ಕೆಲವರು. ಹಗ್ಗ ಇದೆಯಲ್ಲ, ಗಾಳಿಪಟದ ದಾರದ ಉಂಡೆ ಇರಬಹುದು ಎಂದ ಒಬ್ಬ. ಕೊನೆಯ ಸಾಲಿನಲ್ಲಿ ಅಕ್ಕನ ಪಕ್ಕ ಕೂತ ತಂಗಿ ಯಾರು ಏನೇ ಹೇಳಿದರೂ ಹೌದು ಹೌದು ಎನ್ನುತ್ತಿದ್ದಳು. ಅವಳ ಬಾಯಿಗೆ ಅಂದು ಹೇಗೋ ಜಿಪ್ಪು ಬಿದ್ದಿತ್ತು.

ಹಿರಿಯ ಬಿಷಪ್ಪರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹಾಡುಗಳು ಆಗುತ್ತಿದ್ದವು, ಜನ ಏಳುತ್ತಿದ್ದರು, ಕೂರುತ್ತಿದ್ದರು. ಅವರಿಗೆ ಅದು ಯಾವುದರ ಗೊಡವೆಯೂ ಇರಲಿಲ್ಲ. ಇಷ್ಟು ವರ್ಷ ಬೆನ್ನ ಹಿಂದೆ ಇದ್ದದ್ದು ಈಗ ಕಣ್ಣೆದುರು ಇತ್ತು. ಜರಿಯಮ್ಮ ಇದ್ದಲ್ಲಿಂದ ಅವರ ಹೆಗಲು ಮಾತ್ರ ಕಾಣುತ್ತಿತ್ತು. ಆ ಹೆಗಲು ಮೆಲ್ಲಗೆ ಅಲ್ಲಾಡತೊಡಗಿತು, ಒಂದು ಏರಿದರೆ ಇನ್ನೊಂದು ಇಳಿಯುವ ಹಾಗೆ. ಅವಳು ಕತ್ತು ಉದ್ದ ಮಾಡಿ ನೋಡಿದಳು. ಮುದುಕರ ಎರಡು ಕೈಗಳು ಗಾಳಿಯನ್ನು ಹಿಡಿದು, ಒಂದರ ಕೆಳಗೆ ಒಂದು, ಒಂದರ ಕೆಳಗೆ ಒಂದು, ನಿಧಾನವಾಗಿ ಎಳೆಯುತ್ತಿದ್ದವು. ಬಿಟ್ಟರೆ ಜಾರೀತು ಎಂಬಂತೆ ಬಿಗಿಯಾಗಿ, ಅವಸರವಿಲ್ಲದೆ. ಪಕ್ಕದಲ್ಲಿದ್ದ ಅಡುಗೆಯವಳು ಅವರ ಕೈ ಹಿಡಿಯಲು ಹೋದಳು. ಅವರು ತಲೆಯಲ್ಲಾಡಿಸಿ, ಕೆಲಸದ ನಡುವೆ ಇರುವವನ ಗತ್ತಿನಲ್ಲಿ, ಅವಳಿಗೆ ಏನೋ ಹೇಳಿದರು. ಅಡುಗೆಯವಳು ಆಮೇಲೆ ಜರಿಯಮ್ಮನಿಗೆ ತಿಳಿಸಿದ ಮಾತು ಇದು.

"ತಡಿಯಮ್ಮ. ಈ ಸಲ ಭಾರ ಇದೆ."